ಚಿನ್ನ ಹೋಯಿತು, ದೂಳು ಉಳಿಯಿತು

ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ ರಸ್ತೆಗಾಗಿ ಕಡಿದ ಧರೆ ಹೆಚ್ಚು ಕಾಲ ಬೋಳಾಗಿರುವುದಿಲ್ಲ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲು, ಜರೀಗಿಡಗಳು ಹಬ್ಬಿಬಿಡುತ್ತವೆ. ಹೀಗಾಗಿ ನೆಲದ ಗಾಯ ತಾನೇ ಮಾಯುತ್ತದೆಂಬ ನಂಬಿಕೆ ನಮ್ಮದು. ಎಲ್ಲ ಗಾಯವೂ ಹಾಗಲ್ಲ. ರಾಜ್ಯದ ಇನ್ನೊಂದು ತುದಿಯ ಕೋಲಾರ ಚಿನ್ನದ ಗಣಿಗೆ ಹೋದರೆ ಇದು ತಿಳಿಯುತ್ತದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿಗಾರಿಕೆ ಕೈಗೊಂಡಿತು. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಬಂತು. ಸುರಂಗಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಷ್ಟರಲ್ಲಿ ದೊರೆತ ಚಿನ್ನ ಸುಮಾರು 800 ಟನ್. ಹೊರಗೆ ಗುಡ್ಡಗಳಾಗಿ ಉಳಿದ ಪುಡಿ ಸುಮಾರು 3.3 ಕೋಟಿ ಟನ್! ಮಕ್ಕಳೇ, ಲೆಕ್ಕ ಹಾಕಿ: ಒಂದು ಗ್ರಾಂ ಚಿನ್ನಕ್ಕೆ ನಲವತ್ತು ಕಿಲೋ ಪುಡಿ.

ಊರವರು ಇವನ್ನು 'ಸೈನೈಡ್ ಗುಡ್ಡ' ಎನ್ನುತ್ತಾರೆ. ಕಲ್ಲನ್ನು ಹಿಟ್ಟಿನಂತೆ ಅರೆದು, ಸೋಡಿಯಂ ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುತ್ತಿದ್ದರು. ಮಿಕ್ಕದ್ದನ್ನು ಪಕ್ಕದಲ್ಲೇ ಸುರಿದರು. ಬಿಸಿಲು ಗಾಳಿಗೆ ಸೈನೈಡ್ ಕ್ರಮೇಣ ಒಡೆಯುತ್ತದೆ, ನಿಜ. ಆದರೆ ಗಂಧಕದ ಖನಿಜಗಳು ನೀರು ತಾಗಿ ಆಮ್ಲ ಹುಟ್ಟಿಸುತ್ತವೆ. ಮಣ್ಣಿನ ಸಾರವೇ ಇಲ್ಲದ ಪುಡಿಯಲ್ಲಿ ಗಿಡ ಬೇರೂರುವುದು ಕಷ್ಟ. ಬೇಸಿಗೆಯ ಗಾಳಿ ಎದ್ದರೆ ನುಣ್ಣನೆಯ ದೂಳು ಮನೆ, ಬಾವಿ, ಶಾಲೆಗಳಿಗೆ ನುಗ್ಗುತ್ತದೆ.

ಇದಕ್ಕೆ ಮದ್ದಿಲ್ಲವೇ? ಇದೆ. ಗುಡ್ಡದ ಇಳಿಜಾರನ್ನು ತಗ್ಗಿಸಬೇಕು, ಜೇಡಿಮಣ್ಣು ಹೊದಿಸಬೇಕು, ಹರಿದು ಬರುವ ನೀರನ್ನು ತಡೆಯಬೇಕು. ಆಮ್ಲ ತಗ್ಗಿಸಲು ಸುಣ್ಣ ಬೆರೆಸಿ ಹುಲ್ಲು ಬೆಳೆಸಬೇಕು. ಮಡಕೆಯ ನೀರಿಗೆ ನಾವು ಹಾಕುವ ಲಾವಂಚದ ಬೇರು ಎರಡು ಮೂರು ಮೀಟರ್ ಇಳಿದು ಸಡಿಲ ಪುಡಿಯನ್ನು ಹಿಡಿದಿಡುತ್ತದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಗಣಿ ತ್ಯಾಜ್ಯದ ಮೇಲೂ ಅದನ್ನು ನೆಟ್ಟಿದ್ದಾರೆ. ಆದರೆ ಅಂಥ ನೆಲದಲ್ಲಿ ಬೆಳೆದ ಲಾವಂಚ ನೀರಿನ ಮಡಕೆಗೆ ಸಲ್ಲದು. ತಿನ್ನುವ ಬೆಳೆಯಂತೂ ಕೂಡದು.

ಇನ್ನೊಂದು ದಾರಿಯೂ ತೆರೆದಿದೆ. ಪುಡಿಯಲ್ಲಿ ಇನ್ನೂ ಅಳಿದುಳಿದ ಚಿನ್ನವಿದೆ. 1,003 ಎಕರೆಯಲ್ಲಿರುವ 13 ಗುಡ್ಡಗಳನ್ನು ಮತ್ತೆ ಸೋಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಕೆಲಸ ಬಂದರೆ ಊರಿಗೆ ಒಳ್ಳೆಯದೇ. ಆದರೆ ಚಿನ್ನ ಸೋಸಿದ ಮೇಲೂ ಪುಡಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ! ಅದನ್ನು ಎಲ್ಲಿ, ಹೇಗೆ, ಯಾರ ಖರ್ಚಿನಲ್ಲಿ ಮುಚ್ಚುತ್ತಾರೆ ಎಂಬುದು ಮೊದಲೇ ಬರೆದಿರಬೇಕು.

ಕಾರ್ಖಾನೆ ಬರುವಾಗ 'ಎಷ್ಟು ಜನಕ್ಕೆ ಕೆಲಸ?' ಎಂದು ಕೇಳುತ್ತೇವೆ. 'ಹೋಗುವಾಗ ನೆಲವನ್ನು ಹೇಗೆ ಬಿಟ್ಟುಹೋಗುತ್ತೀರಿ?' ಎಂದೂ ಅಂದೇ ಕೇಳಬೇಕು. ಗಣಿ ಮುಚ್ಚಿದ ಮೇಲೆ ಉತ್ತರ ಹೇಳುವವರು ಸಿಗುವುದು ಕಷ್ಟ.