ಕಾವಿಗೆ ಕೂತ ಹ್ಯಾಟಿ

ನಿನ್ನೆಯವರೆಗೆ ತತ್ತಿ ಇಟ್ಟ ಕೂಡಲೇ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಕೋಳಿ ಇವತ್ತು ಬುಟ್ಟಿ ಬಿಟ್ಟು ಏಳುತ್ತಿಲ್ಲ. ಕೈ ಹತ್ತಿರ ಒಯ್ದರೆ ಪುಕ್ಕ ಉಬ್ಬಿಸಿ ಕುಟುಕಲು ಬರುತ್ತದೆ. ಗಂಟಲೊಳಗೇ ‘ಕ್ಲೊಕ್ ಕ್ಲೊಕ್’ ಎಂದು ಗೊಣಗುತ್ತದೆ. ಕುಂದಗೋಳದ ಕಡೆ ನಮ್ಮೂರಲ್ಲಿ ಅಜ್ಜಿ ಇದನ್ನು ಕಂಡಿದ್ದೇ ತಡ, “ಹ್ಯಾಟಿ ಕಾವಿಗೆ ಬಂದೈತಿ” ಎನ್ನುತ್ತ ಜೋಳದ ಚೀಲದಲ್ಲಿ ಹುದುಗಿಸಿಟ್ಟ ತತ್ತಿಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು. ಹ್ಯಾಟಿ ಎಂದರೆ ಹೇಂಟೆ, ತತ್ತಿ ಎಂದರೆ ಮೊಟ್ಟೆ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆ ಊರಿನವರಿಗಾಗಿ ಹೇಳಿದೆ.

ಎಲ್ಲ ತತ್ತಿಯೂ ಕಾವಿಗೆ ಬರುವುದಿಲ್ಲ. ಇಟ್ಟು ವಾರ, ಹೆಚ್ಚೆಂದರೆ ಹತ್ತು ದಿನದೊಳಗಿನವು ಬೇಕು. ತೀರಾ ಸಣ್ಣವು, ಬಿರುಕು ಬಿಟ್ಟವು ಒಲೆಗೆ ಹೋಗುತ್ತಿದ್ದವು. ಉಳಿದವುಗಳಲ್ಲಿ ಅಜ್ಜಿ 11 ಆರಿಸುತ್ತಿದ್ದಳು. ಹತ್ತು ಯಾಕಲ್ಲ, ಹನ್ನೆರಡು ಯಾಕಲ್ಲ ಎಂದು ಕೇಳಿದರೆ, “ಹಂಗ ಇಡಬೇಕು” ಎಂಬುದಷ್ಟೇ ಉತ್ತರ. ಜವಾರಿ ಕೋಳಿಯ ಎದೆಯಡಿ ಹಿಡಿಯುವುದೂ ಹೆಚ್ಚು ಕಡಿಮೆ ಅಷ್ಟೇ. ಅಂಚಿಗೆ ಜಾರಿದ ತತ್ತಿ ತಣ್ಣಗಾಗಿ ಕೆಡುತ್ತದೆ.

ಬುಟ್ಟಿಯ ತಳಕ್ಕೆ ಒಲೆಯ ಬೂದಿ, ಮೇಲೆ ಒಣ ಹುಲ್ಲು, ನಡುವೆ ಒಂದು ಹಿಡಿ ಬೇವಿನ ಎಲೆ. ಹೇನು ಹತ್ತಿದರೆ ಕೋಳಿ ಕೂತಲ್ಲಿ ಕೂರುವುದಿಲ್ಲ. ಆಮೇಲೆ ಪ್ರತಿ ತತ್ತಿಯ ಮೇಲೂ ಇದ್ದಿಲಿನಿಂದ ಒಂದು ಗೆರೆ. ಆ ಕೆಲಸ ನನ್ನದು. ಓಣಿಯ ಬೇರೆ ಹ್ಯಾಟಿ ಬಂದು ಅದೇ ಬುಟ್ಟಿಯಲ್ಲಿ ತತ್ತಿ ಇಟ್ಟು ಹೋದರೆ, ಗೆರೆ ಇಲ್ಲದ್ದನ್ನು ಗುರುತಿಸಿ ತೆಗೆಯಬಹುದಲ್ಲ!

ಮಕ್ಕಳೇ, ಇಲ್ಲೊಂದು ಸೋಜಿಗವಿದೆ. ಈ ತತ್ತಿಗಳನ್ನು ಕೋಳಿ ಹತ್ತು ಹನ್ನೆರಡು ದಿನಗಳಲ್ಲಿ ಒಂದೊಂದಾಗಿ ಇಟ್ಟಿರುತ್ತದೆ. ಆದರೂ ಮರಿಗಳು ಹೊರಬರುವುದು ಹೆಚ್ಚು ಕಡಿಮೆ ಒಟ್ಟಿಗೇ. ಕಾವು ಸಿಗುವ ತನಕ ಒಳಗಿನ ಜೀವ ಬೆಳೆಯದೆ ಕಾದಿರುತ್ತದೆ. ಕೋಳಿ ಕೂತ ದಿನವೇ ಎಲ್ಲಕ್ಕೂ ಮೊದಲ ದಿನ. ಅಲ್ಲಿಂದ ಲೆಕ್ಕ 21 ದಿನ.

ಆ 21 ದಿನ ಕೋಳಿ ಸುಮ್ಮನೆ ಕೂತಿದೆ ಎಂದುಕೊಂಡರೆ ತಪ್ಪು. ಎದೆಯ ಪುಕ್ಕ ಉದುರಿ ಬರಿ ಚರ್ಮ ತತ್ತಿಗೆ ತಾಗುತ್ತದೆ. ಯಂತ್ರದಲ್ಲಿ ಮರಿ ಮಾಡಿಸುವವರು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ ಕಾಯ್ದುಕೊಳ್ಳಲು ಥರ್ಮಾಮೀಟರ್ ನೋಡುತ್ತಲೇ ಇರಬೇಕು. ಕೋಳಿ ಆ ಕೆಲಸವನ್ನು ಮೈಯಿಂದಲೇ ಮಾಡುತ್ತದೆ. ದಿನಕ್ಕೆ ಹಲವು ಸಲ ಕೊಕ್ಕಿನಿಂದ ತತ್ತಿ ಹೊರಳಿಸುತ್ತದೆ, ಇಲ್ಲವಾದರೆ ಒಳಗಿನ ಪಿಂಡ ಒಂದು ಬದಿಗೆ ಅಂಟಿಕೊಂಡೀತು. ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಎದ್ದು ಕಾಳು ನೀರು ಮುಗಿಸಿ, ಧೂಳಲ್ಲಿ ಹೊರಳಾಡಿ, ಓಡೋಡಿ ಬರುತ್ತದೆ. ಅಷ್ಟು ಹೊತ್ತಿಗೆ ತತ್ತಿ ಕೆಡುವುದಿಲ್ಲ, ಗಾಬರಿ ಬೇಡ. ಕಾಳು ನೀರು ಮಾತ್ರ ಹತ್ತಿರದಲ್ಲೇ ಇರಲಿ.

ಏಳನೆಯ ರಾತ್ರಿ ಪರೀಕ್ಷೆ. ಕತ್ತಲ ಕೋಣೆಯಲ್ಲಿ ಬ್ಯಾಟರಿ ಬೆಳಕಿಗೆ ತತ್ತಿ ಹಿಡಿದರೆ ಜೀವ ಇದ್ದದ್ದರಲ್ಲಿ ಜೇಡನ ಕಾಲಿನಂಥ ಕೆಂಪು ನರಗಳು ಕಾಣುತ್ತವೆ. ಬರಿದಾದದ್ದು ಒಂದೇ ಸಮ ತಿಳಿಯಾಗಿ ಹೊಳೆಯುತ್ತದೆ. 2,300 ವರ್ಷಗಳ ಹಿಂದೆಯೇ ಗ್ರೀಸ್ ದೇಶದ ಅರಿಸ್ಟಾಟಲ್, ಬೇರೆ ಬೇರೆ ದಿನಗಳ ತತ್ತಿಯೊಳಗೆ ಮರಿ ಹೇಗೆ ಬೆಳೆದಿರುತ್ತದೆ, ಹೃದಯ ಎಂದು ಮಿಡಿಯುತ್ತದೆ ಎಂದು ಬರೆದಿಟ್ಟಿದ್ದಾನೆ. ಅವನ ಹತ್ತಿರ ಬ್ಯಾಟರಿ ಇರಲಿಲ್ಲ, ಪಾಪ.

ಆ ವರ್ಷ ನಮ್ಮ 11ರಲ್ಲಿ ಎರಡು ಬರಿದಾಗಿದ್ದವು. ತೆಗೆದೆವು. 21ನೆಯ ದಿನ ಬೆಳಿಗ್ಗೆ ತತ್ತಿಯೊಳಗಿಂದಲೇ ‘ಚಿಂವ್ ಚಿಂವ್’ ಕೇಳಿಸಿತು. ಕೋಳಿಯೂ ಮೆಲ್ಲಗೆ ಉತ್ತರ ಕೊಡುತ್ತಿತ್ತು. ಸಂಜೆಗೆ ಎಂಟು ಮರಿ ಹೊರಬಂದವು. ಒಂಬತ್ತನೆಯದು ತೂತು ಕೊರೆದು ಅಲ್ಲಿಗೇ ನಿಂತಿತ್ತು. ಅಜ್ಜಿ ಹಿತ್ತಲಿಗೆ ಹೋದಾಗ ನಾನು ಉಗುರಿನಿಂದ ಚಿಪ್ಪು ಸುಲಿದೆ. ಒಳಗಿನ ಪೊರೆ ಹರಿದು ರಕ್ತ ಬಂತು. ಮರಿ ನನ್ನ ಅಂಗೈಯಲ್ಲಿ ಎರಡು ಸಲ ಬಾಯಿ ತೆರೆದು ಸುಮ್ಮನಾಯಿತು.

ಅಜ್ಜಿ ಬೈಯಲಿಲ್ಲ. “ಅದು ಬರಾಕ ಹತ್ತಿತ್ತೋ ತಮ್ಮಾ. ಅದಕ್ಕ ಇನ್ನಷ್ಟು ಹೊತ್ತು ಬೇಕಾಗಿತ್ತು” ಎಂದಳು.

ಅದು ಯಾಕೆ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮೊದಲ ತೂತು ಬಿದ್ದ ಮೇಲೆ ಮರಿ ಹೊರಬರಲು ಅರ್ಧ ದಿನವೋ ಇಡೀ ದಿನವೋ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಪೊರೆಯ ನರಗಳಲ್ಲಿದ್ದ ರಕ್ತ ಮರಿಯ ಮೈಗೆ ಸೇರುತ್ತಿರುತ್ತದೆ. ಉಳಿದ ಹಳದಿ ಹೊಟ್ಟೆಯೊಳಗೆ ಹೋಗುತ್ತಿರುತ್ತದೆ. ಆ ಹಳದಿಯೇ ಹುಟ್ಟಿದ ಮರಿಗೆ ಒಂದೆರಡು ದಿನದ ಬುತ್ತಿ. ಮೊದಲು ಬಂದ ಮರಿ ಏನೂ ತಿನ್ನದೆ ತಮ್ಮ ತಂಗಿಯರಿಗಾಗಿ ಕಾಯಬಲ್ಲದು ಇದರಿಂದಲೇ.

ಪೇಟೆಯ ತತ್ತಿ ಇಟ್ಟರೆ ಮರಿ ಬರುತ್ತದೆಯೇ ಎಂದು ಮೊಮ್ಮಗಳು ಕೇಳಿದಳು. ಬರುವುದಿಲ್ಲ. ತತ್ತಿಗಾಗಿಯೇ ಸಾಕುವ ಫಾರಂಗಳಲ್ಲಿ ಹುಂಜ ಇರುವುದಿಲ್ಲ. ಅಲ್ಲಿನ ಬಿಳಿ ಲೆಗಾರ್ನ್ ಕೋಳಿಗೆ ಕಾವು ಕೂರುವ ಬುದ್ಧಿಯೂ ಇಲ್ಲದಂತಾಗಿದೆ. ಕಾವಿಗೆ ಕೂತ ಕೋಳಿ ತತ್ತಿ ಇಡುವುದನ್ನು ನಿಲ್ಲಿಸುತ್ತದೆ, ಅದು ನಷ್ಟ ಎಂದು ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ತಳಿ ಬೆಳೆಸಿದರು. ಬೆಂಗಳೂರಿನಲ್ಲಿ ರೂಪಿಸಿದ ಗಿರಿರಾಜ ಕೋಳಿಯೂ ಕಾವಿಗೆ ಕೂರುವುದು ಅಪರೂಪ. ಅದರ ತತ್ತಿಗೆ ಮರಿ ಬೇಕೆಂದರೆ ಹಳ್ಳಿಯವರು ಜವಾರಿ ಹ್ಯಾಟಿಯನ್ನೇ ಹುಡುಕುತ್ತಾರೆ.

ನವಲಗುಂದ, ಅಣ್ಣಿಗೇರಿ ಕಡೆಯ ಬೇಸಿಗೆ ಕಾವಿಗೆ ಒಳ್ಳೆಯದಲ್ಲ, ಸೆಕೆಗೆ ತತ್ತಿ ಬೇಗ ಕೆಡುತ್ತವೆ. ದೀಪಾವಳಿಯಿಂದ ಶಿವರಾತ್ರಿಯ ತನಕ ಒಳ್ಳೆಯ ಕಾಲ. ಮರಿಗಳಿಗೆ ವಾರ ತುಂಬುವ ಹೊತ್ತಿಗೆ ಪಶು ಆಸ್ಪತ್ರೆಯಲ್ಲಿ ಕೊಕ್ಕರೆ ರೋಗದ ಲಸಿಕೆ ಕೇಳಿ. ಕಣ್ಣಿಗೆ ಒಂದು ಹನಿ ಹಾಕುತ್ತಾರೆ, ಅಷ್ಟೇ. ಅಜ್ಜಿಯ ಕಾಲದಲ್ಲಿ ಇದಿಲ್ಲದೆ ಒಂದೇ ವಾರದಲ್ಲಿ ಓಣಿಯ ಕೋಳಿಗಳೆಲ್ಲ ಸತ್ತದ್ದುಂಟು.

ಉಳಿದ ಎಂಟು ಮರಿಗಳನ್ನು ಹ್ಯಾಟಿ ಮೂರನೆಯ ದಿನ ಅಂಗಳಕ್ಕೆ ಇಳಿಸಿತು. ನುಚ್ಚು ಕಂಡರೆ ತಾನು ತಿನ್ನದೆ ಕರೆದು ತೋರಿಸುತ್ತಿತ್ತು. ಒಂದು ಮಧ್ಯಾಹ್ನ ಮೇಲೆ ಹದ್ದಿನ ನೆರಳು ಸುಳಿಯಿತು. ಹ್ಯಾಟಿ ಒಂದು ಥರ ಎಳೆದು ಕೂಗಿತು. ನಾನು ತಲೆಯೆತ್ತಿ ನೋಡಿ ಮತ್ತೆ ಅಂಗಳ ನೋಡಿದರೆ ಒಂದು ಮರಿಯೂ ಇಲ್ಲ. ರೆಕ್ಕೆಯಡಿಯಿಂದ ಪುಟ್ಟ ಕಾಲುಗಳು ಮಾತ್ರ ಕಾಣುತ್ತಿದ್ದವು. ಹೊಸ್ತಿಲ ಮೇಲೆ ಕೂತು, ಕೈ ಹಚ್ಚದೆ, ಎಣಿಸಿದೆ. ಹದಿನಾರು.