ಮರವಲ್ಲದ ಮರ ಬಿದಿರು

ತೊಟ್ಟಿಲಿನಿಂದ ಚಟ್ಟದವರೆಗೆ ನಮ್ಮ ಜೊತೆಗಿರುವ ಬಿದಿರು ಮರವಲ್ಲ, ಹುಲ್ಲು. ಭತ್ತ, ರಾಗಿ, ಕಬ್ಬಿನ ಕುಟುಂಬಕ್ಕೇ ಸೇರಿದ್ದು. ಆದರೆ 1927ರ ಭಾರತೀಯ ಅರಣ್ಯ ಕಾಯ್ದೆ ಅದನ್ನು ಮರವೆಂದೇ ಕರೆದಿತ್ತು. ಹಾಗಾಗಿ ಸ್ವಂತ ಹೊಲದ ಬಿದಿರು ಕಡಿದು ಸಾಗಿಸಲೂ ದೇಶದ ಹಲವೆಡೆ ರೈತರು ಪರವಾನಗಿಗೆ ಅಲೆಯಬೇಕಿತ್ತು. 2017ರ ತಿದ್ದುಪಡಿ ಮರದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟಿತು. ಕಾಡಿನ ಬಿದಿರಿಗೆ ಮಾತ್ರ ಅರಣ್ಯ ನಿಯಮಗಳು ಈಗಲೂ ಇವೆ.

ಹೊಲದಲ್ಲಿ ಬೆಳೆದರಷ್ಟೇ ಸಾಲದು, ಬಳಸುವುದೂ ಗೊತ್ತಿರಬೇಕು. ಮಳೆಗಾಲದಲ್ಲಿ ನೆಲದಿಂದೇಳುವ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ವಿಷದಂಶ ಕಳೆದ ಮೇಲೆಯೇ ಪಲ್ಯ ಮಾಡುತ್ತಾರೆ. ಕೀಳದೆ ಬಿಟ್ಟ ಕಳಲೆ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಬೆಳೆಯುತ್ತದೆ. ಆದರೆ ಗಟ್ಟಿಯಾಗಲು ಮೂರ್ನಾಲ್ಕು ವರ್ಷ ಬೇಕು. ಗಳದ ಒಳಗಿನ ಪಿಷ್ಟ ಕೊರೆಯುವ ಹುಳುವಿಗೆ ಪ್ರಿಯ. ಅದಕ್ಕೇ ಬೊರಾಕ್ಸ್, ಬೋರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ನೆನೆಸಿ ಒಣಗಿಸುತ್ತಾರೆ.

ಯಾವ ಗಳ ಏಣಿಗೆ, ಯಾವುದು ಮೊರಕ್ಕೆ ಎಂದು ಮೇದಾರರಿಗೆ ಗೊತ್ತು. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಅವರ ಕಸುಬು ಸೊರಗಿತು. ಇತ್ತ 2022ರಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನ ಒಳಚಾವಣಿಯಲ್ಲಿ ಬಿದಿರೇ ಕಣ್ಣಿಗೆ ಬೀಳುತ್ತದೆ. ಬೇಡಿಕೆ ಇದೆ, ಬದಲಾಗಿರುವುದು ವಿನ್ಯಾಸ.

ಕಂಪ್ಯೂಟರಿನಲ್ಲಿ ಕುರ್ಚಿ, ದೀಪದ ವಿನ್ಯಾಸ ಮಾಡಬಲ್ಲ ಪದವೀಧರರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರು ಮೇದಾರರ ಪಕ್ಕ ಕೂತು ಸೀಳುವುದು, ಹೆಣೆಯುವುದನ್ನು ಕಲಿತರೆ ಇಬ್ಬರಿಗೂ ದುಡಿಮೆ ಸಿಗುತ್ತದೆ. ಶರತ್ತು ಒಂದೇ: ಹೆಣೆದ ಕೈಗೆ ಚೌಕಾಸಿಯಿಲ್ಲದೆ ಕೂಲಿ ಸಲ್ಲಬೇಕು.