ಪಟ್ಟಿಯಲ್ಲಿಲ್ಲದ ಸಂಕಗಳು

ಟಾರ್ ಎಂಬ ಜಾಲದಲ್ಲಿ ಓದುಗನ ಕೋರಿಕೆಯು ಗೂಢಲಿಪಿಯ ಮೂರು ಹೊದಿಕೆಗಳನ್ನು ಹೊದ್ದು ಹೊರಟು, ಸ್ವಯಂಸೇವಕರು ನಡೆಯಿಸುವ ಮೂರು ಗಣಕಯಂತ್ರಗಳಲ್ಲಿ ಒಂದೊಂದನ್ನೇ ಕಳಚುತ್ತ ಗುರಿಮುಟ್ಟುವುದರಿಂದ, ಹೊರಟವನಾರು, ಹೋದುದೆಲ್ಲಿಗೆ ಎಂಬೆರಡನ್ನೂ ಒಟ್ಟಿಗೆ ಬಲ್ಲ ಯಂತ್ರವು ಆ ದಾರಿಯಲ್ಲಿ ಒಂದೂ ಇರದು. ಆದರೆ ದಾರಿಯನ್ನು ಆಯ್ದುಕೊಳ್ಳಬೇಕಾದರೆ ಆ ಸಾವಿರಾರು ಯಂತ್ರಗಳ ವಿಳಾಸಪಟ್ಟಿಯು ಬಹಿರಂಗವಾಗಿರಲೇಬೇಕಷ್ಟೆ. ಬಳಕೆದಾರನಿಗೆ ಸಿಕ್ಕುವ ಪಟ್ಟಿ ಪ್ರತಿಬಂಧಕನಿಗೂ ಸಿಕ್ಕುತ್ತದೆ. 2009ರ ಸೆಪ್ಟೆಂಬರಿನಲ್ಲಿ, ಗಣರಾಜ್ಯದ ಅರುವತ್ತನೆಯ ವರ್ಷದ ಉತ್ಸವಕ್ಕೆ ಕೆಲವೇ ದಿನಗಳಿರುವಾಗ, ಚೀನವು ಆ ಪಟ್ಟಿಯಲ್ಲಿದ್ದ ಬಹುತೇಕ ವಿಳಾಸಗಳಿಗೆ ಅಡ್ಡಗೋಡೆಯನ್ನೆಬ್ಬಿಸಿತು.

ಇಂತಹ ಸಂದರ್ಭಕ್ಕೆಂದೇ ಪಟ್ಟಿಯಲ್ಲಿ ಸೇರಿಸದೆ ಉಳಿಸಿದ ಪ್ರವೇಶಯಂತ್ರಗಳಿಗೆ ಸೇತುವೆಗಳೆಂದು ಹೆಸರು. ನನಗಾದರೋ ಮಲೆನಾಡಿನ ಕಾಲುಸಂಕವೆಂಬ ಮಾತೇ ಹೆಚ್ಚು ಒಪ್ಪುತ್ತದೆ: ಅದು ನಕ್ಷೆಯಲ್ಲಿರುವುದಿಲ್ಲ, ದಾಟುವವರಿಗೆ ಮಾತ್ರ ಗೊತ್ತು, ಹೊಳೆಯಲ್ಲಿ ಕೊಚ್ಚಿಹೋದರೆ ಇನ್ನೊಂದು ಅಡಕೆಮರ ಅಡ್ಡಬೀಳುತ್ತದೆ. ಕೇಳಿದವನಿಗೆ ಎರಡು ಮೂರು ವಿಳಾಸಗಳನ್ನಷ್ಟೇ ಮಿಂಚಂಚೆಯ ಮೂಲಕವೋ ಜಾಲತಾಣದ ಮೂಲಕವೋ ಕೊಡುವುದು ರೂಢಿ. ಕಷ್ಟವಿರುವುದು ಇಲ್ಲಿಯೇ, ಬೇಡುವವನು ಬಾಯಾರಿದವನೋ ವೇಷಧಾರಿಯಾದ ಕಾವಲುಗಾರನೋ ಎಂದು ತಿಳಿಯುವ ಗಣಿತವಿಲ್ಲ. ಮರುವರ್ಷದ ಮಾರ್ಚ್ ತಿಂಗಳೊಳಗೆ ಚೀನವು ಹೀಗೆ ಹಂಚಿದ ಅನೇಕ ವಿಳಾಸಗಳನ್ನೂ ಕಲೆಹಾಕಿ ಮುಚ್ಚಿತ್ತು.

ಅನಂತರದ ಉಪಾಯ ಇನ್ನೂ ಚತುರವಾದುದು. ಶಂಕೆ ಬಂದ ವಿಳಾಸಕ್ಕೆ ಚೀನದ ಯಂತ್ರಗಳು ತಾವೇ ಟಾರ್ ಬಳಕೆದಾರರ ವೇಷದಲ್ಲಿ ಹೋಗಿ ಬಾಗಿಲು ತಟ್ಟಿ, ಒಳಗಿನಿಂದ ಟಾರ್ ಭಾಷೆಯಲ್ಲಿ ಓಗೊಟ್ಟೊಡನೆ ಆ ದಾರಿಯನ್ನು ಕಡಿದುಹಾಕತೊಡಗಿದುವು. ಇದಕ್ಕೆ ಪ್ರತಿಯಾಗಿ 2014ರಲ್ಲಿ ರೂಪುಗೊಂಡ ವಿಧಾನದಲ್ಲಿ ವಿಳಾಸದೊಡನೆ ಒಂದು ಗುಪ್ತ ಕೀಲಿಯನ್ನೂ ಕೊಡಲಾಗುತ್ತದೆ; ಅದನ್ನರಿಯದೆ ಬಾಗಿಲು ತಟ್ಟಿದವನಿಗೆ ಮೌನವೇ ಉತ್ತರ, ಹಾದಿಯಲ್ಲಿ ಕದ್ದುನೋಡುವವನಿಗೆ ಅರ್ಥವಿಲ್ಲದ ಅಂಕಿಗಳ ರಾಶಿಯೇ ದರ್ಶನ.

ಹಿಮಹಳಕು ಎಂಬರ್ಥದ ಸ್ನೋಫ್ಲೇಕ್ ಎಂಬುದು ಈಚಿನದು. ನಿರ್ಬಂಧವಿಲ್ಲದ ನಾಡಿನ ಯಾರೋ ಒಬ್ಬರು ಬ್ರೌಸರಿನಲ್ಲಿ ಇದನ್ನು ತೆರೆದಿಟ್ಟರೆ, ಅಷ್ಟು ಹೊತ್ತಿನ ಮಟ್ಟಿಗೆ ಅವರ ಗಣಕವೇ ಸಂಕವಾಗಿ, ಸಂವಹನವೆಲ್ಲ ವೀಡಿಯೋ ಕರೆಯ ತಂತ್ರದಲ್ಲಿಯೇ ಹರಿಯುತ್ತದೆ. ಕ್ಷಣಕ್ಕೊಂದು ಹುಟ್ಟಿ ಕರಗುವ ವಿಳಾಸಗಳನ್ನು ಯಾರು ಪಟ್ಟಿಮಾಡಿಯಾರು? 2022ರ ಸೆಪ್ಟೆಂಬರಿನ ಪ್ರತಿಭಟನೆಗಳ ಕಾಲದಲ್ಲಿ ಇರಾನಿನ ಜನ ದೊಡ್ಡ ಸಂಖ್ಯೆಯಲ್ಲಿ ಇದನ್ನು ಆಶ್ರಯಿಸಿದರು. ಅಕ್ಟೋಬರಿನ ಮೊದಲ ವಾರದಲ್ಲಿ ಆ ಸಂಖ್ಯೆ ಹಠಾತ್ತನೆ ಕುಸಿಯಿತು. ಸಂಪರ್ಕದ ಆರಂಭದಲ್ಲಿ ಸ್ನೋಫ್ಲೇಕ್ ಮಾಡುತ್ತಿದ್ದ ವಂದನೆಯು ಸಾಮಾನ್ಯ ಬ್ರೌಸರುಗಳ ವಂದನೆಗಿಂತ ತುಸು ಭಿನ್ನವಾಗಿತ್ತು. ಪ್ರತಿಬಂಧಕರು ವಿಳಾಸಗಳ ಗೊಡವೆಗೇ ಹೋಗದೆ ಆ ಭಿನ್ನತೆಯೊಂದನ್ನೇ ಗುರುತುಹಿಡಿದು ತಡೆದಿದ್ದರು. ತಂತ್ರಜ್ಞರು ಆ ವಂದನೆಯನ್ನು ಎಲ್ಲರಂತೆ ಮಾಡಲು ಕಲಿಸಿದ ಬಳಿಕವಷ್ಟೇ ಸಂಕದ ಮೇಲೆ ಮತ್ತೆ ಜನ ಓಡಾಡಿದುದು.